ಮಾವ ಕೇಳಿದ್ದನ್ನೇ ಕೇಳುತ್ತಾರೆ, ನಾನು ಏನಂತ ಹೇಳಲಿ?

ಪ್ರಶ್ನೆ: ನಾವಿರುವುದು ಡೊಂಬಿವಲಿಯಲ್ಲಿ. ಊರು ಕುಂದಾಪುರದ ಹತ್ತಿರ. ಮಾವನಿಗೆ 79 ವರ್ಷ. ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು, ಕೊನೆಗೆ ದಾದರ್‌ನಲ್ಲಿ ಸ್ವಂತ ಹೋಟೆಲ್ ನಡೆಸಿದವರು. ಹೋಟೆಲ್ ಮಾರಿ ಎಷ್ಟೋ ವರ್ಷ ಆಯ್ತು. ಎರಡು ವರ್ಷದ ಹಿಂದೆ ಡಾಕ್ಟರು ಆಲ್‌ಝೈಮರ್ಸ್ ಅಂದರು. ಸಂಜೆಯಾದರೆ "ಹೊತ್ತಾಯ್ತ್, ಗಲ್ಲಕ್ಕೆ ಹೋಯ್ಕ್" (ಹೋಟೆಲಿನ ಕ್ಯಾಶ್ ಕೌಂಟರಿಗೆ ಹೋಗಬೇಕು) ಅಂತ ಚಪ್ಪಲಿ ಹಾಕುತ್ತಾರೆ. ತೀರಿಹೋದ ಅತ್ತೆ ಎಲ್ಲಿ ಅಂತ ಕೇಳುತ್ತಾರೆ. ದುಡ್ಡು ನಾನೇ ಕದ್ದೆ ಅಂತ ಎದುರು ಮನೆಯವರಿಗೆ ಹೇಳಿದ್ದಾರೆ. ಹಗಲು ನೋಡಿಕೊಳ್ಳುವ ಮರಾಠಿ ಮಾವಶಿಯ ಮಾತು ಅವರಿಗೆ ಹಿಡಿಯುವುದಿಲ್ಲ, ಮೊದಲು ಎಷ್ಟು ಚೆನ್ನಾಗಿ ಮರಾಠಿ ಮಾತಾಡುತ್ತಿದ್ದರು! ಸ್ನಾನಕ್ಕೆ ದಿನಾ ಜಗಳ. ನನ್ನ ಯಜಮಾನರು "ಸುಳ್ಳು ಹೇಳಬಾರದು, ಇದ್ದದ್ದು ಹೇಳು" ಅನ್ನುತ್ತಾರೆ. ಪುಣೆಯಲ್ಲಿರುವ ಮೈದುನ "ಫೋನಲ್ಲಿ ಅಪ್ಪ ಸರಿಯಾಗೇ ಇದ್ದಾರಲ್ಲ" ಅನ್ನುತ್ತಾರೆ. ಮೊನ್ನೆ ನಾನು ಅವರ ಮೇಲೆ ಕಿರುಚಿಬಿಟ್ಟೆ, ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ. ಅವರ ಹತ್ತಿರ ಹೇಗೆ ಮಾತಾಡಬೇಕು? ಈ ಸಲ ಚೌತಿಗೆ ಊರಿಗೆ ಕರೆದುಕೊಂಡು ಹೋಗಬಹುದಾ?

ಉತ್ತರ: ಸಂಜೆಯ ಚಪ್ಪಲಿಯಿಂದಲೇ ಶುರು ಮಾಡೋಣ. ಉಳಿದದ್ದೆಲ್ಲ ಅದರೊಳಗೇ ಇದೆ.

ಮಾವ ಹೊರಟು ನಿಂತಾಗ ನಿಮ್ಮ ಮನೆಯಲ್ಲಿ ಏನಾಗುತ್ತದೆ ಅಂತ ಊಹಿಸಬಲ್ಲೆ. "ಹೋಟೆಲ್ ಮಾರಿ ಎಷ್ಟೋ ವರ್ಷ ಆಯ್ತಲ್ಲ ಮಾವ" ಅಂತ ನೀವು. "ಯಾರು ಮಾರಿದ್ದು?" ಅಂತ ಅವರು. ಕೆಲವು ಮನೆಗಳಲ್ಲಿ ಮಗ ಕಪಾಟಿನಿಂದ ಮಾರಾಟದ ಕಾಗದವನ್ನೇ ತಂದು ಮುಂದೆ ಇಡುತ್ತಾನೆ. ಅಪ್ಪ ತನ್ನ ಸಹಿ ನೋಡುತ್ತಾರೆ, ಯಾರೋ ಮೋಸ ಮಾಡಿ ಹಾಕಿಸಿದ್ದಾರೆ ಅಂತ ಇನ್ನಷ್ಟು ಗಾಬರಿಯಾಗುತ್ತಾರೆ. ಅರ್ಧ ಗಂಟೆ ಬಿಟ್ಟು ಮತ್ತೆ ಚಪ್ಪಲಿ.

ಹೀಗೇಕೆ? ಆಲ್‌ಝೈಮರ್ಸ್‌ನಲ್ಲಿ ಸಾಮಾನ್ಯವಾಗಿ ಮೊದಲು ಪೆಟ್ಟು ತಿನ್ನುವುದು ಮೆದುಳಿನ ಹಿಪೊಕ್ಯಾಂಪಸ್ ಅನ್ನುವ ಭಾಗ ಮತ್ತು ಅದರ ಅಕ್ಕಪಕ್ಕ. ಹೊಸದಾಗಿ ಕೇಳಿದ್ದು, ನೋಡಿದ್ದು ನೆನಪಾಗಿ ಉಳಿಯಬೇಕಾದರೆ ಅದು ಕೆಲಸ ಮಾಡಬೇಕು. ಹೋಟೆಲಿನ ಲೆಕ್ಕದಲ್ಲೇ ಹೇಳುತ್ತೇನೆ: ಸಪ್ಲೈಯರ್ ಆರ್ಡರ್ ತೆಗೆದುಕೊಂಡ, ಆದರೆ ಅದು ಒಳಗೆ ಭಟ್ಟರಿಗೆ ಮುಟ್ಟಲೇ ಇಲ್ಲ. ನೀವು ಹೊರಗಿನಿಂದ ಎಷ್ಟು ಕೂಗಿದರೂ ದೋಸೆ ಬರುವುದಿಲ್ಲ. ಮಾವ ನಿಮ್ಮ ಉತ್ತರ ಕೇಳಿಸಿಕೊಂಡಿದ್ದಾರೆ, ಆ ಹೊತ್ತಿಗೆ ಅರ್ಥವೂ ಆಗಿರಬಹುದು. ಆದರೆ ಅದು ಉಳಿಯಲಿಲ್ಲ. ನಿಮಗೆ ಇಪ್ಪತ್ತನೇ ಸಲದ ಪ್ರಶ್ನೆ, ಅವರಿಗೆ ಮೊದಲನೇ ಸಲದ್ದು. ಬೇಕಂತಲೇ ಉಪದ್ರ ಕೊಡುತ್ತಿದ್ದಾರೆ ಅನ್ನುವ ಅನುಮಾನ ಇದ್ದರೆ ಅದನ್ನು ಬಿಟ್ಟುಬಿಡಿ.

ಹಳೆಯ ನೆನಪು, ಕೈಗೆ ಅಭ್ಯಾಸವಾದ ಕೆಲಸ ಇವೆಲ್ಲ ತುಂಬಾ ಕಾಲ ಉಳಿಯುತ್ತವೆ. ಸಂಜೆ ಆರಕ್ಕೆ ಗಿರಾಕಿ ಜಾಸ್ತಿ, ಆಗ ಗಲ್ಲದಲ್ಲಿ ತಾನೇ ಕೂರಬೇಕು. ಇದು ಅವರ ಮೈಗೆ ಹತ್ತಿದ ವಿಷಯ. ಜೊತೆಗೆ ಈ ಕಾಯಿಲೆಯಲ್ಲಿ ಹೊತ್ತು ಇಳಿಯುವಾಗ ಗೊಂದಲ, ಚಡಪಡಿಕೆ ಹೆಚ್ಚಾಗುವುದು ಬಹಳ ಜನರಲ್ಲಿ ಕಾಣುತ್ತದೆ. ಎರಡೂ ಸೇರಿ ಅವರನ್ನು ಬಾಗಿಲ ಹತ್ತಿರ ತಂದು ನಿಲ್ಲಿಸುತ್ತವೆ.

ಅವರ ಮಾತಿನಲ್ಲಿರುವ ವಿಷಯ ತಪ್ಪಿರಬಹುದು. ಅದರ ಹಿಂದಿನ ಸಂಕಟ ನಿಜವಾದದ್ದು. ನೀವು ಉತ್ತರ ಕೊಡಬೇಕಾದ್ದು ಆ ಸಂಕಟಕ್ಕೆ. ಹಾಗಾಗಿ "ಹೋಟೆಲ್ ಇಲ್ಲ" ಅನ್ನುವ ಬದಲು "ಗಲ್ಲದ್ದೇ ಚಿಂತೆ ಅಲ್ವಾ ಮಾವ? ಎಷ್ಟು ವರ್ಷ ಒಬ್ಬರೇ ಎಲ್ಲಾ ನೋಡಿಕೊಂಡಿರಿ" ಅಂತ ಹೇಳಿ ನೋಡಿ. ಹೇಳಿ ಸುಮ್ಮನಿರಿ. ಅವರು ಏನಾದರೂ ಹೇಳುತ್ತಾರೆ. ಸಪ್ಲೈಯರ್ ಹುಡುಗ ಬಂದಿಲ್ಲ ಅಂತಲೋ, ಹಾಲಿನವನಿಗೆ ದುಡ್ಡು ಕೊಡಬೇಕು ಅಂತಲೋ. ಅದರ ಬಾಲ ಹಿಡಿದು ಮುಂದೆ ಹೋಗಿ. "ಹಾಲಿನವನ ಲೆಕ್ಕ ಬರೆದಿಡೋಣ, ಬನ್ನಿ" ಅಂತ ಒಂದು ಉದ್ದದ ಪುಸ್ತಕ, ಪೆನ್ನು, ಡಬ್ಬಿಯಲ್ಲಿ ಒಂದಷ್ಟು ಚಿಲ್ಲರೆ ಮುಂದೆ ಇಡಿ. ಒಂದು ರೂಪಾಯಿ, ಎರಡು, ಐದು ಬೇರೆ ಬೇರೆ ಮಾಡಿ ಹತ್ತರ ಗುಡ್ಡೆ ಹಾಕುವ ಕೆಲಸ ಗಲ್ಲದಲ್ಲಿ ಕೂತವರ ಕೈ ತಾನಾಗೇ ಮಾಡುತ್ತದೆ. ಲೆಕ್ಕ ತಪ್ಪಿದರೆ ತಪ್ಪಲಿ. ತಿದ್ದಲು ಹೋಗಬೇಡಿ. ಅವರನ್ನು ಸುಮ್ನೆ ಕೂರಿಸುವ ಆಟ ಅಂತ ಇದನ್ನು ನೋಡಬೇಡಿ. ಬೇಕಾದವನಾಗಿರಬೇಕು ಅನ್ನುವ ಆಸೆಗೆ ಕೊಟ್ಟ ಉತ್ತರ ಇದು.

ಇಷ್ಟಾದರೂ ಹೊರಡುತ್ತೇನೆ ಅಂದರೆ ಬಾಗಿಲಿಗೆ ಅಡ್ಡ ನಿಲ್ಲಬೇಡಿ. ನೀವೂ ಚಪ್ಪಲಿ ಹಾಕಿ. ಲಿಫ್ಟ್ ಇಳಿದು ಕಾಂಪೌಂಡಿನಲ್ಲಿ ಎರಡು ಸುತ್ತು ಹಾಕಿ, ವಾಚ್‌ಮನ್‌ಗೆ ನಮಸ್ಕಾರ ಹೇಳಿ, "ಚಹಾ ಕುಡಿದು ಹೋಗೋಣ ಮಾವ" ಅಂತ ವಾಪಸ್ ಬನ್ನಿ. ಆರು ಗಂಟೆಗೆ ಮೊದಲೇ ಮನೆಯ ದೀಪಗಳನ್ನೆಲ್ಲ ಹಾಕಿ, ಕಿಟಕಿಯ ಪರದೆ ಎಳೆಯಿರಿ. ಕತ್ತಲಾದ ಮೇಲೆ ಕಿಟಕಿ ಗಾಜಿನಲ್ಲಿ ಕಾಣುವ ತಮ್ಮದೇ ನೆರಳನ್ನು ಯಾರೋ ಬಂದಿದ್ದಾರೆ ಅಂತ ತಿಳಿಯುವವರಿದ್ದಾರೆ. ಆ ಹೊತ್ತಿಗೆ ಟಿವಿಯಲ್ಲಿ ಕಿರುಚಾಡುವ ನ್ಯೂಸ್ ಖಂಡಿತ ಬೇಡ. (ನನ್ನ ಕೇಳಿದರೆ, ಡಿಮೆನ್ಶಿಯಾ, ಅಂದರೆ ಆಲ್‌ಝೈಮರ್ಸ್‌ನಂಥ ಮರೆವಿನ ಕಾಯಿಲೆ, ಇಲ್ಲದವರಿಗೂ ಬೇಡ.)

ಈಗ ಅತ್ತೆಯ ವಿಷಯ. ಇದು ನೀವು ಕೇಳಿದ್ದರಲ್ಲೇ ಕಷ್ಟದ್ದು, ನಿಮ್ಮ ಯಜಮಾನರ ಮಾತೂ ಇಲ್ಲೇ ಬರುತ್ತದೆ.

"ಅವಳೆಲ್ಲಿ?" ಅಂದಾಗ "ತೀರಿಹೋದರಲ್ಲ" ಅಂದರೆ ಏನಾಗುತ್ತದೆ? ಆ ಸುದ್ದಿ ಅವರಿಗೆ ಹೊಸದು. ಹೆಂಡತಿ ಸತ್ತ ಸುದ್ದಿಯನ್ನು ಈಗಷ್ಟೇ ಕೇಳಿದ ಗಂಡನಂತೆ ಅಳುತ್ತಾರೆ. ಸ್ವಲ್ಪ ಹೊತ್ತಿಗೆ ಸುದ್ದಿ ಮರೆತುಹೋಗುತ್ತದೆ, ದುಃಖ ಹೋಗುವುದಿಲ್ಲ. ಇದನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ನೋಡಿ 2014ರಲ್ಲಿ ಪ್ರಕಟಿಸಿದರು. ಆಲ್‌ಝೈಮರ್ಸ್ ಇರುವವರಿಗೆ ದುಃಖದ ಮತ್ತು ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲೇ ಏನು ನೋಡಿದ್ದೆವು ಅನ್ನುವುದು ಅವರಿಗೆ ಹೆಚ್ಚುಕಡಿಮೆ ಮರೆತೇಹೋಗಿತ್ತು. ಆದರೆ ನೋಡಿದ್ದರಿಂದ ಹುಟ್ಟಿದ ಬೇಸರ, ಖುಷಿ ಹಾಗೇ ಉಳಿದಿದ್ದವು. ಬೇಸರ ಯಾಕೆ ಅಂತ ಗೊತ್ತಿಲ್ಲದೆ ಬೇಸರದಲ್ಲಿರುವುದು ಎಂಥ ಹಿಂಸೆ, ಯೋಚಿಸಿ.

ನಿಮ್ಮ ಯಜಮಾನರ ಬಗ್ಗೆ ನನಗೆ ಗೌರವ ಇದೆ. ಅಪ್ಪನಿಗೆ ಜನ್ಮದಲ್ಲಿ ಸುಳ್ಳು ಹೇಳದ ಮಗ ಈಗ ಹೇಳು ಅಂದರೆ ನಾಲಿಗೆ ಏಳುವುದಿಲ್ಲ. ಅವರಿಗೆ ಹೇಳಿ: ಸುಳ್ಳು ಹೇಳಬೇಕಾಗಿಲ್ಲ, ಸತ್ಯವನ್ನು ತಲೆ ಮೇಲೆ ಕುಕ್ಕಬೇಕಾಗಿಯೂ ಇಲ್ಲ. "ಅಮ್ಮನ ನೆನಪಾಯ್ತಾ ಅಪ್ಪಾ? ನನಗೂ ಆಗ್ತಾ ಇತ್ತು. ಅಮ್ಮ ಮಾಡುವ ಮೀನುಸಾರು ಎಂಥ ರುಚಿ ಅಲ್ವಾ" ಅನ್ನುವುದು ಪೂರ್ತಿ ನಿಜ. ಹೆಚ್ಚಿನ ಸಲ ಅಪ್ಪನಿಗೆ ಬೇಕಾದ್ದೂ ಅದೇ. ಯಾವತ್ತಾದರೂ ಮನಸ್ಸು ತಿಳಿಯಾಗಿದ್ದಾಗ ಮುಖ ನೋಡಿ "ಅವಳು ಸತ್ತಳಾ?" ಅಂತ ಅವರೇ ನೇರವಾಗಿ ಕೇಳಿದರೆ, ಹೌದು ಅನ್ನಿ, ಕೈ ಹಿಡಿದು ಪಕ್ಕದಲ್ಲಿ ಕೂರಿ. ಅವರಿಗೆ ಅಳುವ ಹಕ್ಕಿದೆ. ಏನು ಮಾಡಿದರೂ ಸಮಾಧಾನವಾಗದ ದಿನ "ಊರಿಗೆ ಹೋಗಿದ್ದಾರೆ" ಅಂತ ಒಂದು ಮಾತು ಬಾಯಿಂದ ಬಂದರೆ ಅದಕ್ಕಾಗಿ ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಈ ವಿಷಯದಲ್ಲಿ ತಜ್ಞರಲ್ಲೂ ಒಂದೇ ಅಭಿಪ್ರಾಯ ಇಲ್ಲ. ನನ್ನ ಗೆರೆ ಇಷ್ಟೇ: ಅವರ ನೋವು ಕಡಿಮೆಯಾಗಲಿ ಅಂತ ಹೇಳಿದ ಮಾತು ಬೇರೆ, ನಮಗೆ ಅನುಕೂಲ ಆಗಲಿ ಅಂತ ಹೇಳಿದ್ದು ಬೇರೆ. "ಬ್ಯಾಂಕಿನ ಫಾರಂ" ಅಂತ ಹೇಳಿ ಊರಿನ ಜಾಗದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ಮಕ್ಕಳೂ ಇದ್ದಾರೆ. ಸುಳ್ಳು ಬೇಡ ಅನ್ನುವ ನಿಯಮವನ್ನು ಅಲ್ಲಿ ಗಟ್ಟಿಯಾಗಿ ಹಿಡಿಯಬೇಕು.

ಕಳ್ಳತನದ ಮಾತು ನಿಮಗೆ ಎಷ್ಟು ಚುಚ್ಚಿರಬೇಕು ಅಂತ ಪತ್ರ ಓದಿದರೇ ಗೊತ್ತಾಗುತ್ತದೆ. ಹಗಲೂ ರಾತ್ರಿ ಮಾಡುವುದು ನೀವು, ಕಳ್ಳಿ ಅನ್ನಿಸಿಕೊಳ್ಳುವುದೂ ನೀವು. ಒಂದು ಹಳೆಯ ಸಂಗತಿ ಹೇಳುತ್ತೇನೆ. ಈ ಕಾಯಿಲೆಗೆ ಹೆಸರು ಬಂದದ್ದು ಆಲೊಯಿಸ್ ಆಲ್‌ಝೈಮರ್ ಅನ್ನುವ ಜರ್ಮನ್ ವೈದ್ಯರಿಂದ. 1901ರಲ್ಲಿ ಫ್ರಾಂಕ್‌ಫರ್ಟ್ ಆಸ್ಪತ್ರೆಯಲ್ಲಿ ಅವರು ನೋಡಿದ ಆಗಸ್ಟ್ ಡೀಟರ್ ಎಂಬ 51 ವರ್ಷದ ಹೆಂಗಸೇ ವೈದ್ಯಕೀಯ ದಾಖಲೆಯಲ್ಲಿ ಈ ಕಾಯಿಲೆಯ ಮೊದಲ ರೋಗಿ. ಆಕೆಯಲ್ಲಿ ಮೊದಲು ಎದ್ದು ಕಂಡದ್ದೇ ಗಂಡನ ಮೇಲಿನ ಸಂಶಯ. ಮನೆಯ ಸಾಮಾನುಗಳನ್ನು ಅಲ್ಲಿಂದಿಲ್ಲಿಗೆ ಒಯ್ದು ಬಚ್ಚಿಡುತ್ತಿದ್ದಳು ಅಂತಲೂ ಬರೆದಿದ್ದಾರೆ. ಅಂದರೆ ಸಂಶಯ ನಿಮ್ಮ ಮಾವನ ಗುಣವೂ ಅಲ್ಲ, ನಿಮ್ಮ ಬಗ್ಗೆ ಅವರ ಮನಸ್ಸಿನಲ್ಲಿ ಮುಚ್ಚಿಟ್ಟಿದ್ದ ಅಭಿಪ್ರಾಯವೂ ಅಲ್ಲ. ಕಾಯಿಲೆಯ ಜೊತೆಗೇ ಬಂದದ್ದು.

ಅದು ಹುಟ್ಟುವ ದಾರಿ ಸರಳ. ಪರ್ಸನ್ನು ಜೋಪಾನವಾಗಿ ದಿಂಬಿನ ಕವರಿನೊಳಗೆ ತುರುಕುತ್ತಾರೆ. ತುರುಕಿದ್ದು ಮರೆಯುತ್ತದೆ. ಇಟ್ಟ ನೆನಪಿಲ್ಲ, ಪರ್ಸೂ ಇಲ್ಲ, ಹಾಗಾದರೆ ಯಾರೋ ತೆಗೆದಿರಬೇಕು. ಹತ್ತಿರ ಇರುವವರು ಯಾರು? ನೀವು. ಆಗ "ನಾನ್ಯಾಕೆ ಕದಿಯಲಿ?" ಅಂತ ಶುರು ಮಾಡಿದರೆ ಕೋರ್ಟೇ ಆಗಿಬಿಡುತ್ತದೆ. "ಪರ್ಸ್ ಕಾಣ್ತಾ ಇಲ್ವಾ? ಅಯ್ಯೋ, ಅದು ಹೋದರೆ ಹೇಗೆ. ಬನ್ನಿ, ಇಬ್ಬರೂ ಹುಡುಕೋಣ" ಅನ್ನಿ. ಜಾಗ ನಿಮಗೆ ಗೊತ್ತಿದ್ದರೂ ನೇರ ಹೋಗಿ ತೆಗೆಯಬೇಡಿ, ಸಿಕ್ಕಿಬಿದ್ದ ಕಳ್ಳಿಯ ಹಾಗೆ ಕಾಣುತ್ತದೆ. ಅವರ ಕೈಗೇ ಸಿಗುವ ಹಾಗೆ ಮಾಡಿ. ಸಿಕ್ಕಿದ ಮೇಲೆ "ನೋಡಿ, ಇಲ್ಲೇ ಇತ್ತಲ್ಲ" ಅನ್ನುವ ಆಸೆಯನ್ನು ನುಂಗಿಕೊಳ್ಳಿ. "ಸಿಕ್ತಲ್ಲ, ಒಳ್ಳೇದಾಯ್ತು" ಸಾಕು. ಅದೇ ತರಹದ ಇನ್ನೊಂದು ಪರ್ಸ್ ತಂದಿಟ್ಟುಕೊಳ್ಳಿ. ಒಳಗೆ ಹತ್ತು, ಇಪ್ಪತ್ತರ ನೋಟುಗಳಿರಲಿ. ಜೀವಮಾನವಿಡೀ ದುಡ್ಡು ಎಣಿಸಿದ ಕೈ ಅದು, ಜೇಬು ಖಾಲಿ ಇದ್ದರೆ ಅವರಿಗೆ ಅವಮಾನವಾದಂತೆ ಅನ್ನಿಸಬಹುದು.

ಎದುರು ಮನೆಯವರಿಗೆ ವಿಷಯ ತಿಳಿಸಿಬಿಡಿ, ಮುಚ್ಚಿಡಬೇಡಿ. ಮಾವ ಇಲ್ಲದ ಹೊತ್ತಿನಲ್ಲಿ ಹೋಗಿ "ಅವರಿಗೆ ಹೀಗೊಂದು ಕಾಯಿಲೆ ಇದೆ, ಒಬ್ಬರೇ ಕೆಳಗಿಳಿದರೆ ನನಗೆ ಫೋನ್ ಮಾಡಿ" ಅಂತ ಹೇಳಿ. ಇದು ನಿಮ್ಮೊಬ್ಬರ ಮನೆಯ ಕಥೆಯೂ ಅಲ್ಲ. ದೇಶದಾದ್ಯಂತ ಹಿರಿಯರನ್ನು ಪರೀಕ್ಷಿಸಿ ಮಾಡಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ. ನಿಮ್ಮ ಸೊಸೈಟಿಯಲ್ಲೇ ಇನ್ನೊಬ್ಬರು ಇರಬಹುದು, ಅವರ ಮನೆಯವರೂ ಬಾಗಿಲು ಹಾಕಿಕೊಂಡಿರಬಹುದು.

ಮರಾಠಿ ಮರೆತ ವಿಷಯಕ್ಕೆ ಬರೋಣ. ನಮ್ಮ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಇದು ಮತ್ತೆ ಮತ್ತೆ ಬರುವ ಪ್ರಶ್ನೆ. ನಿಮ್ಮ ಮಾವನಂಥವರಿಗೆ ಮನೆಯಲ್ಲಿ ಕುಂದಗನ್ನಡ, ಹೋಟೆಲಿನಲ್ಲಿ ತುಳು, ಗಿರಾಕಿಗಳ ಹತ್ತಿರ ಮರಾಠಿ, ಹಿಂದಿ, ಗುಜರಾತಿ, ಎಲ್ಲವೂ ಬರುತ್ತಿತ್ತು. ಹಲವು ಭಾಷೆ ಆಡುವುದು ಮೆದುಳಿಗೆ ಒಳ್ಳೆಯದು ಅನ್ನುವುದಕ್ಕೆ ನಮ್ಮ ದೇಶದಲ್ಲೇ ಸಿಕ್ಕ ಆಧಾರ ಇದೆ. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ನೋಡಿ 2013ರಲ್ಲಿ ಬರೆದರು: ಒಂದೇ ಭಾಷೆಯವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಶಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ತಡವಾಗಿ, ನೆನಪಿಡಿ. ಬರುವುದೇ ಇಲ್ಲ ಅಂತಲ್ಲ. ಬಂದ ಮೇಲೆ ಅನೇಕರಲ್ಲಿ ದೊಡ್ಡವರಾದ ಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ, ತಾಯಿಯ ಬಾಯಿಂದ ಕಲಿತದ್ದು ಕೊನೆಯವರೆಗೂ ನಿಲ್ಲುತ್ತದೆ. ಮಾವ ಹಟಕ್ಕೆ ಮರಾಠಿ ಬಿಟ್ಟಿದ್ದಲ್ಲ.

ಮಾವಶಿಯನ್ನು ಬದಲಾಯಿಸಬೇಕಾಗಿಲ್ಲ. ಒಳ್ಳೆಯವರು ಸಿಗುವುದೇ ಕಷ್ಟ, ಇದ್ದವರನ್ನು ಉಳಿಸಿಕೊಳ್ಳಿ. ಆಕೆಗೆ ಒಂದು ಹತ್ತು ಕನ್ನಡ ಮಾತು ಕಲಿಸಿ. ಬನ್ನಿ, ಕೂತ್ಕೊಳ್ಳಿ, ನೀರು ಬೇಕಾ, ಊಟ ಆಯ್ತಾ, ನೋವಾ, ಬಾತ್‌ರೂಮಿಗೆ ಹೋಗೋಣ, ಇಷ್ಟೇ. ನಿಮ್ಮ ಮನೆಯಲ್ಲಿ ಆಡುವ ಧಾಟಿಯಲ್ಲೇ ಇರಲಿ. ದೊಡ್ಡ ಅಕ್ಷರದಲ್ಲಿ ಮರಾಠಿ ಲಿಪಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ಇನ್ನೊಂದು ವಿಷಯ, ಆಕೆ ಮಾವನನ್ನು ಹೇಗೆ ಕರೆಯುತ್ತಾರೆ ಅಂತ ಕಿವಿಗೊಟ್ಟು ಕೇಳಿ. "ಚಲ ಬಾಳಾ, ತೋಂಡ ಉಘಡ" (ನಡಿ ಮಗೂ, ಬಾಯಿ ತೆಗಿ) ಅಂತ ಮಗುವಿಗೆ ಹೇಳಿದ ಹಾಗೆ ಹೇಳುತ್ತಿದ್ದರೆ ಅದರಲ್ಲಿ ಪ್ರೀತಿಯೇ ಇರಬಹುದು, ಆದರೂ ಅದು ಕೆಲಸ ಕೆಡಿಸುತ್ತದೆ. ಅಮೆರಿಕದ ಕಾನ್ಸಾಸ್‌ನಲ್ಲಿ ಕ್ರಿಸ್ಟಿನ್ ವಿಲಿಯಮ್ಸ್ ಎಂಬ ನರ್ಸಿಂಗ್ ಸಂಶೋಧಕಿ ವೃದ್ಧಾಶ್ರಮಗಳಲ್ಲಿ ವಿಡಿಯೊ ಮಾಡಿ ನೋಡಿದರು. ಡಿಮೆನ್ಶಿಯಾ ಇರುವವರ ಹತ್ತಿರ ಹೀಗೆ ಮಗುವಿನ ಮಾತು ಆಡಿದಾಗ ಅವರು ತಳ್ಳುವುದು, ಮುಖ ತಿರುಗಿಸುವುದು, ಬೇಡ ಅಂತ ಕೂಗುವುದು ಜಾಸ್ತಿಯಾಗಿತ್ತು. ಅರ್ಥ ಗೊತ್ತಾಗದಿದ್ದರೂ ಧಾಟಿ ಗೊತ್ತಾಗುತ್ತದೆ. ನಲವತ್ತು ಜನರಿಗೆ ಸಂಬಳ ಕೊಟ್ಟ ಮನುಷ್ಯನಿಗೆ "ಗುಡ್ ಬಾಯ್" ಅಂದರೆ ಸಿಟ್ಟು ಬಾರದೆ ಇರುತ್ತದಾ? ಹೋಟೆಲಿನಲ್ಲಿ ಅವರನ್ನು ಏನಂತ ಕರೆಯುತ್ತಿದ್ದರೋ ಹಾಗೇ, ಸೇಟ್ ಅಂತಲೋ ಅಣ್ಣ ಅಂತಲೋ, ಮಾವಶಿಯೂ ಕರೆಯಲಿ.

ಮಾತಾಡುವ ರೀತಿಯ ಬಗ್ಗೆ ಒಂದೆರಡು ಸಣ್ಣ ವಿಷಯ. ಅಡುಗೆಮನೆಯಿಂದ ಕೂಗಬೇಡಿ. ಮುಂದೆ ಬಂದು, ಅವರು ಕೂತಿದ್ದರೆ ನೀವೂ ಕೂತು, ಮುಖ ಕಾಣುವ ಹಾಗೆ ಮಾತಾಡಿ. ಮಿಕ್ಸಿ, ಟಿವಿ ನಿಲ್ಲಿಸಿ. ಒಂದು ಸಲಕ್ಕೆ ಒಂದೇ ಮಾತು. "ಎದ್ದು ಕೈ ತೊಳೆದು ಮಾತ್ರೆ ತಗೊಂಡು ಊಟಕ್ಕೆ ಬನ್ನಿ" ಅನ್ನುವುದರಲ್ಲಿ ನಾಲ್ಕು ಕೆಲಸ ಇವೆ, ಮೂರು ಬಿದ್ದುಹೋಗುತ್ತವೆ. ಕೇಳಿದ ಮೇಲೆ ಕಾಯಿರಿ. ಮನಸ್ಸಿನಲ್ಲೇ ನಿಧಾನವಾಗಿ ಹತ್ತು ಎಣಿಸಿ. ಅವಸರದ ಊರಿನಲ್ಲಿ ಬೆಳೆದ ನಮಗೆ ಈ ಹತ್ತು ಎಣಿಕೆಯೇ ಎಲ್ಲಕ್ಕಿಂತ ಕಷ್ಟ. ನಾವು ಮೂರಕ್ಕೇ ಪ್ರಶ್ನೆ ಬದಲಾಯಿಸುತ್ತೇವೆ, ಅವರು ಪಾಪ ಮತ್ತೆ ಮೊದಲಿನಿಂದ ಶುರು ಮಾಡಬೇಕು. "ಏನು ತಿಂತೀರಿ?" ಅನ್ನುವುದಕ್ಕಿಂತ "ಗಂಜಿಯಾ, ದೋಸೆಯಾ?" ಸುಲಭ. ಎರಡು ತಟ್ಟೆ ತೋರಿಸಿದರೆ ಇನ್ನೂ ಸುಲಭ. ಕಿವಿಯನ್ನೂ ಒಮ್ಮೆ ತೋರಿಸಿ. ಕಿವಿಯ ಗುಗ್ಗೆ ತೆಗೆಸಿದರೆ "ಏನೂ ಅರ್ಥವಾಗಲ್ಲ" ಅನ್ನುವುದರಲ್ಲಿ ಸ್ವಲ್ಪ ಪಾಲು ಅಲ್ಲೇ ಹೋಗಬಹುದು.

"ನೆನಪಿದೆಯಾ?" ಅನ್ನುವ ಪ್ರಶ್ನೆಯನ್ನೇ ಮನೆಯಿಂದ ಹೊರಗೆ ಹಾಕಿ. ಅದು ಪರೀಕ್ಷೆ, ಅವರು ಪ್ರತಿಸಲ ಫೇಲ್. ನೆನಪನ್ನು ಕೇಳುವ ಬದಲು ನೀವೇ ಕೊಡಿ. "ನೀವು ಬಂದಾಗ ಕೊಂಕಣ ರೈಲು ಇರಲಿಲ್ಲ ಅಲ್ವಾ ಮಾವ. ಅದು ಪೂರ್ತಿ ಶುರುವಾದದ್ದೇ 1998ಕ್ಕೆ. ಘಟ್ಟ ಹತ್ತಿ ಇಳಿದು ಬರಬೇಕಿತ್ತು" ಅಂತ ಸುಮ್ನೆ ಹೇಳಿ ಬಿಡಿ. ಮನಸ್ಸಾದರೆ ಅವರು ಮುಂದುವರಿಸುತ್ತಾರೆ, ಇಲ್ಲದಿದ್ದರೆ ತಲೆ ಆಡಿಸುತ್ತಾರೆ. ಎರಡರಲ್ಲೂ ಸೋಲಿಲ್ಲ.

ಸ್ನಾನ. ಇಲ್ಲಿ ಮಾತಿಗಿಂತ ಮೊದಲು ಮರ್ಯಾದೆಯ ಪ್ರಶ್ನೆ ಇದೆ. ಸೊಸೆಯ ಮುಂದೆ, ಪರ ಹೆಂಗಸಿನ ಮುಂದೆ ಬಟ್ಟೆ ತೆಗೆಯುವುದು ನಮ್ಮ ಹಿರಿಯರಿಗೆ ಸಾಧ್ಯವಾಗದ ಮಾತು. ಕಾಯಿಲೆ ಬಂದ ಮಾತ್ರಕ್ಕೆ ನಾಚಿಕೆ ಹೋಗುವುದಿಲ್ಲ. ಆ ಜಗಳದಲ್ಲಿ ಅರ್ಧ ಇದೇ ಇರಬಹುದು. ಮಗ ಆಫೀಸಿಗೆ ಹೊರಡುವ ಮುಂಚೆ ಅವರೇ ಮಾಡಿಸಲಿ. ಹೋಟೆಲಿನವರಿಗೆ ಬೆಳಗಿನ ಜಾವ ಸ್ನಾನ ಮಾಡಿ, ದೇವರಿಗೆ ಊದುಬತ್ತಿ ಹಚ್ಚಿ, ಶಟರ್ ಎಳೆಯುವುದು ರೂಢಿ. ಹನ್ನೊಂದು ಗಂಟೆಗೆ ಮಾವಶಿಯ ಅನುಕೂಲಕ್ಕೆ ಸ್ನಾನ ಅಂದರೆ ಅವರಿಗೆ ತಲೆಬುಡ ಅರ್ಥವಾಗಲಿಕ್ಕಿಲ್ಲ. "ಸ್ನಾನ ಮಾಡ್ಬೇಕು" ಬೇಡ. "ನೀರು ಬಿಸಿಯಾಗಿದೆ ಅಪ್ಪಾ" ಅಂತ ಟವೆಲ್ ಕೈಗೆ ಕೊಡಿ. ಸೊಂಟಕ್ಕೆ ಪಂಚೆ ಇರಲಿ, ಅದರ ಮೇಲೇ ನೀರು ಹಾಕಿದರಾಯ್ತು. ಮೊದಲು ಕಾಲಿಗೆ, ಆಮೇಲೆ ಕೈಗೆ, ಪ್ರತಿಸಲ ಹೇಳಿ ಹಾಕಿ. ಆಗಲೂ ಬೇಡ ಅಂದರೆ ಇವತ್ತು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ಬಿಡಿ. ಒಂದು ದಿನ ಸ್ನಾನ ತಪ್ಪಿದರೆ ಆಕಾಶ ಬೀಳುವುದಿಲ್ಲ.

ಅವರೆದುರೇ ಅವರ ಸುದ್ದಿ ಹೇಳುವುದು ನಾನು ತುಂಬಾ ನೋಡುವ ತಪ್ಪು. ಡಾಕ್ಟರ ರೂಮಿನಲ್ಲಿ ಕೂತು "ನಿನ್ನೆ ಬಟ್ಟೆಯಲ್ಲೇ ಮಾಡಿಕೊಂಡರು, ಮೊನ್ನೆ ನನ್ನ ಕಳ್ಳಿ ಅಂದರು" ಅಂತ ಪಟ್ಟಿ ಓದುತ್ತಾರೆ. ಪಕ್ಕದ ಕುರ್ಚಿಯಲ್ಲಿ ಆ ಮನುಷ್ಯ ಕೂತೇ ಇರುತ್ತಾರೆ. ಇದನ್ನೆಲ್ಲ ಚೀಟಿಯಲ್ಲಿ ಬರೆದು ಮೊದಲೇ ಒಳಗೆ ಕಳಿಸಿ. ಡಾಕ್ಟರು ಏನಾದರೂ ಕೇಳಿದರೆ ಮೊದಲು ಮಾವನಿಗೆ ಮಾತಾಡಲು ಬಿಡಿ.

ಮಾತಿನಿಂದ ಸರಿಯಾಗದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ನಿಧಾನವಾಗಿ ಇಳಿಯುತ್ತಿದ್ದವರು ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ತೀರಾ ಗೊಂದಲಕ್ಕೆ ಬಿದ್ದರೆ, ಹಗಲೇ ತೂಕಡಿಸಿದರೆ, ಇಲ್ಲದ್ದನ್ನು ಕಂಡರೆ "ಕಾಯಿಲೆ ಜಾಸ್ತಿಯಾಯ್ತು" ಅಂತ ಸುಮ್ಮನೆ ಕೂರಬೇಡಿ. ಮೂತ್ರದ ಸೋಂಕು, ನ್ಯುಮೋನಿಯಾ, ನೀರು ಕಡಿಮೆಯಾಗುವುದು, ಮಲಬದ್ಧತೆ, ಹೊಸ ಮಾತ್ರೆ, ಬಿದ್ದು ತಲೆಗೆ ಪೆಟ್ಟು, ಯಾವುದೂ ಇರಬಹುದು. ಅದೇ ದಿನ ಡಾಕ್ಟರಿಗೆ ತೋರಿಸಿ. ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಿಲ್ಲದಿದ್ದರೆ ಮಾಡಿಸಿ. ನೆಗಡಿಗೆ, ನಿದ್ರೆಗೆ ಅಂತ ಮೆಡಿಕಲ್‌ನಿಂದ ತರುವ ಕೆಲವು ಹಳೆಯ ಅಲರ್ಜಿ ಮಾತ್ರೆಗಳು ಇವರ ಗೊಂದಲ ಹೆಚ್ಚಿಸುತ್ತವೆ, ಕೇಳದೆ ಕೊಡಬೇಡಿ. "ಸಂಜೆ ಗಲಾಟೆಗೆ ಒಂದು ಮಾತ್ರೆ ಬರೆದುಕೊಡಿ" ಅಂತ ನೀವೇ ಒತ್ತಾಯ ಮಾಡಲೂಬೇಡಿ. ಮನೋರೋಗಕ್ಕೆ ಕೊಡುವ ಕೆಲವು ಮಾತ್ರೆಗಳಿಂದ ಡಿಮೆನ್ಶಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಕೆಲವೊಮ್ಮೆ ಅವು ಬೇಕಾಗುತ್ತವೆ. ಆ ತೀರ್ಮಾನ ಡಾಕ್ಟರದ್ದಾಗಿರಲಿ.

ಮೈದುನನ ಮಾತಿಗೆ ಬೇಸರ ಮಾಡಿಕೊಳ್ಳಬೇಡಿ, ಅವರು ಹೇಳುವುದೂ ಸುಳ್ಳಲ್ಲ. ಫೋನಿನಲ್ಲಿ ಐದು ನಿಮಿಷ "ಹೂಂ, ಆರಾಮ, ಮಕ್ಳು ಹೇಗಿದ್ರ್, ಮಳೆ ಉಂಟಾ" ಅನ್ನುವುದಕ್ಕೆ ಹೊಸ ನೆನಪು ಬೇಕಾಗಿಲ್ಲ. ಗಲ್ಲದಲ್ಲಿ ಕೂತು ಸಾವಿರ ಜನರ ಹತ್ತಿರ ನಗುನಗುತ್ತಾ ಮಾತಾಡಿದವರಿಗೆ ಅದು ನಿದ್ದೆಯಲ್ಲೂ ಬರುತ್ತದೆ. ವಾದ ಮಾಡಿ ಪ್ರಯೋಜನ ಇಲ್ಲ. ಪುಣೆಯೇನು ದೂರವಾ? ಒಂದು ಶುಕ್ರವಾರ ಬಂದು ಮುಂದಿನ ಶುಕ್ರವಾರದವರೆಗೆ ಇರಲಿ, ನೀವು ಆ ವಾರ ತವರಿಗೆ ಹೋಗಿ. ಬಂದ ಮೇಲೆ ಅವರಿಗೆ ಏನೂ ವಿವರಿಸಬೇಕಾಗಿ ಬರುವುದಿಲ್ಲ.

ಕಿರುಚಿದ್ದು. ನೀವು ಕೇಳದಿದ್ದರೂ ಇದಕ್ಕೂ ಉತ್ತರ ಬೇಕು. ಆ ಮಾತು ಅವರಿಗೆ ನೆನಪಿಲ್ಲ, ಆ ಕಸಿವಿಸಿ ಸ್ವಲ್ಪ ಹೊತ್ತು ಇತ್ತು. ಆದರೆ ಮೇಲೆ ಹೇಳಿದ ಸಿನಿಮಾ ಪರೀಕ್ಷೆಯಲ್ಲಿ ಸಂತೋಷವೂ ಉಳಿದಿತ್ತಲ್ಲ? ಅದು ನಿಮ್ಮ ಪಾಲಿಗೂ ಇದೆ. ಸಿಟ್ಟು ಬಂದಾಗ ಆಚೆ ರೂಮಿಗೆ ಹೋಗಿ ಮುಖ ತೊಳೆದುಕೊಳ್ಳಿ, ಹತ್ತು ನಿಮಿಷ ಬಿಟ್ಟು ಎರಡು ಲೋಟ ಚಹಾ ಹಿಡಿದು ಹೊಸಬರ ಹಾಗೆ ಬನ್ನಿ. ಕ್ಷಮೆ ಕೇಳುತ್ತಾ ಹಳೆಯದನ್ನು ಮತ್ತೆ ಎಬ್ಬಿಸಬೇಡಿ. ದಿನಾ ಕಿರುಚುವ ಹಾಗಾಗುತ್ತಿದ್ದರೆ ಅದರ ಅರ್ಥ ನೀವು ಕೆಟ್ಟವರು ಅಂತಲ್ಲ, ಕೆಲಸ ಒಬ್ಬರ ಕೈ ಮೀರಿದೆ ಅಂತ. ಹಿರಿಯ ನಾಗರಿಕರಿಗಾಗಿ ಕೇಂದ್ರ ಸರಕಾರದ ಎಲ್ಡರ್‌ಲೈನ್ ಇದೆ, ನಂಬರ್ 14567, ದುಡ್ಡಿಲ್ಲ. ಮನೆಯವರೂ ಫೋನ್ ಮಾಡಿ ಸಲಹೆ ಕೇಳಬಹುದು.

ಇನ್ನು ಚೌತಿ. ಕರೆದುಕೊಂಡು ಹೋಗಿ, ಆದರೆ ಚೌತಿಯ ದಿನಕ್ಕೇ ಬೇಡ. ಮನೆ ತುಂಬಾ ನೆಂಟರು, ಪೂಜೆಯ ಗಡಿಬಿಡಿ, ಒಂದೇ ಸಲ ಹತ್ತು ಜನರ ಮಾತು, ಅವರಿಗೆ ಅದು ಮಂಡೆಬಿಸಿ. ಎರಡು ದಿನ ಬಿಟ್ಟು ಹೊರಡಿ. ಇಲ್ಲಿನ ಮಂಡಲಗಳ ಸ್ಪೀಕರ್ ಕಾಟವೂ ತಪ್ಪುತ್ತದೆ. ಮತ್ಸ್ಯಗಂಧ ರೈಲಿಗೆ ಠಾಣೆಯಲ್ಲಿ ಹತ್ತಬಹುದು, ಕೆಳಗಿನ ಬರ್ತ್ ಸಿಗುವ ಹಾಗೆ ಬೇಗ ಬುಕ್ ಮಾಡಿ. ಮಳೆಗಾಲದ ವೇಳಾಪಟ್ಟಿಯಲ್ಲಿ ಕೊಂಕಣ ಹಳಿಯ ಮೇಲೆ ರೈಲು ನಿಧಾನ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ರಾತ್ರಿ ಎದ್ದು ಬಾಗಿಲ ಕಡೆ ನಡೆಯುವ ಸಂಭವ ಇದೆ, ಮಗ ಎದುರಿನ ಬರ್ತಿನಲ್ಲೇ ಮಲಗಲಿ. ಜೇಬಿನಲ್ಲಿ ಹೆಸರು, ನಿಮ್ಮಿಬ್ಬರ ಫೋನ್ ನಂಬರ್ ಬರೆದ ಕಾರ್ಡ್ ಇರಲಿ.

ಹೊರಡುವ ಮುಂಚೆ ಊರಿನವರ ವಾಟ್ಸ್ಆಪ್ ಗುಂಪಿನಲ್ಲಿ ಒಂದು ಧ್ವನಿ ಸಂದೇಶ ಹಾಕಿ: ಯಾರೂ ಮಾವನ ಮುಂದೆ ನಿಂತು "ಗುರ್ತ ಸಿಕ್ತಾ? ನಾನ್ಯಾರ್ ಹೇಳಿ ಕಾಂಬ" ಅನ್ನಬಾರದು. ಬಂದವರು ಮೊದಲು ತಮ್ಮ ಹೆಸರು, ಯಾರ ಮಗ, ಯಾವ ಮನೆ ಅಂತ ತಾವೇ ಹೇಳಬೇಕು, ಆಮೇಲೆ ಕೂತು ಮಾತಾಡಬೇಕು. ಮಾವ ತಪ್ಪು ಹೆಸರಿನಿಂದ ಕರೆದರೆ ಓಗೊಡಬೇಕು. ತಾನು ಹುಟ್ಟಿದ ಮನೆಯ ಜಗಲಿಯಲ್ಲೇ ಕೂತು "ಮನೆಗೆ ಹೋಯ್ಕ್" ಅಂದರೂ ಅಂದಾರು. ಗಾಬರಿಯಾಗಬೇಡಿ, "ಇದೇ ಮನೆ" ಅಂತ ವಾದಕ್ಕೂ ಇಳಿಯಬೇಡಿ. "ಹೋಪ ಮಾವ, ಒಂಚೂರು ಚಹಾ ಕುಡಿಯುವ" ಅನ್ನಿ, ತೋಟದ ಕಡೆ ಒಂದು ಸುತ್ತು ಕರೆದುಕೊಂಡು ಹ‍ೋಗಿ. ವಾಪಸ್ ಟಿಕೆಟ್ ಒಂದು ವಾರದೊಳಗಿನದ್ದೇ ಮಾಡಿಸಿ. ಅಲ್ಲಿ ಅವರು ಹಾಯಾಗಿದ್ದರೆ ಅದನ್ನು ರದ್ದು ಮಾಡಿ ಇನ್ನೊಂದು ವಾರ ನಿಲ್ಲಬಹುದು.